ಚಿತ್ರದುರ್ಗದ ಕಡೆ ನಮ್ಮ ತಾತನಿಗೆ ಸಣ್ಣದೊಂದು ಕಲ್ಲಿದ್ದಲು ಗಣಿ ಇತ್ತಂತೆ. ಅದು ಈಗ ಯಾರಿಗೆ ಸೇರುತ್ತದೆ?

ನಿಮ್ಮ ತಾತ ಹೊಳಲ್ಕೆರೆ ತಾಲ್ಲೂಕಿನವರು, ಗುಡ್ಡದ ಬುಡದಲ್ಲಿ ಅವರ ಸ್ವಂತ ಕಲ್ಲಿದ್ದಲು ಗಣಿ ಇತ್ತು ಎಂದು ಮನೆಯಲ್ಲಿ ಹೇಳುತ್ತಾರೆ, ಹಳೇ ಟ್ರಂಕಿನಲ್ಲಿ ಒಂದು ಕರಿ ಕಲ್ಲು ಮತ್ತು ಒಂದಷ್ಟು ರಸೀದಿ ಸಿಕ್ಕಿವೆ, ಗಣಿ ವಾಪಸ್ ಬರುತ್ತದೆಯೇ ಎಂದು ಕೇಳಿದ್ದೀರಿ. ನನ್ನ ಅಜ್ಜನೂ ಅದೇ ತಾಲ್ಲೂಕಿನಲ್ಲಿ ಗಣಿ ನಡೆಸಿದವರು. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಮೊದಲು ಆ ಕಲ್ಲಿನ ವಿಷಯ. ಅದು ಕಲ್ಲಿದ್ದಲಲ್ಲ. ಕೈಯಲ್ಲಿ ಹಿಡಿದು ನೋಡಿ. ಇದ್ದಿಲಿನ ಹಾಗೆ ಹಗುರವಾಗಿದೆಯೋ, ಗಾತ್ರಕ್ಕೆ ಮೀರಿದ ಭಾರವಿದೆಯೋ? ಕಲ್ಲಿದ್ದಲು ನೀರಿಗಿಂತ ಸ್ವಲ್ಪವೇ ತೂಕ. ಮ್ಯಾಂಗನೀಸ್ ಅದಿರು ನೀರಿನ ನಾಲ್ಕು ಪಟ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ತೂಗುತ್ತದೆ. ಎರಡೂ ಕಪ್ಪು, ಎರಡೂ ಬೆರಳಿಗೆ ಮಸಿ ಹತ್ತಿಸುತ್ತವೆ. ಒಂದು ಚೂರು ಒಲೆಗೆ ಹಾಕಿ ನೋಡಿ, ಉರಿಯುವುದಿಲ್ಲ. ಟಾರ್ಚಿನ ಹಳೇ ಸೆಲ್ ಒಡೆದರೆ ಒಳಗೆ ಸಿಗುವ ಕರಿ ಪುಡಿಯಲ್ಲಿ ಇರುವುದು ಇದೇ ಮ್ಯಾಂಗನೀಸು. ನಮ್ಮೂರಲ್ಲೂ ಮುದುಕರು ಅದಕ್ಕೆ 'ಇದ್ಲಿ ಕಲ್ಲು' ಎನ್ನುತ್ತಿದ್ದರು. ಹಾಗೆ ಕರೆಯುತ್ತಾ ಎರಡು ತಲೆಮಾರು ಕಳೆದರೆ ಮೊಮ್ಮಕ್ಕಳ ಬಾಯಲ್ಲಿ ಅದು ಕಲ್ಲಿದ್ದಲು ಗಣಿಯೇ ಆಗಿಬಿಡುತ್ತದೆ.

ಚಿತ್ರದುರ್ಗದಲ್ಲಿ ಕಲ್ಲಿದ್ದಲು ಇರುವುದಕ್ಕೆ ಸಾಧ್ಯವೇ ಇಲ್ಲ. ಕಲ್ಲಿದ್ದಲು ಅಂದರೆ ಹೂತುಹೋದ ಕಾಡು. ನಮ್ಮ ದೇಶದ ಹೆಚ್ಚಿನ ಕಲ್ಲಿದ್ದಲು 25ರಿಂದ 30 ಕೋಟಿ ವರ್ಷ ಹಿಂದಿನದು. ಚಿತ್ರದುರ್ಗವೂ ಸೇರಿದ ನಮ್ಮ ಧಾರವಾಡ ಶಿಲಾಪಂಕ್ತಿಯ ಕಲ್ಲುಗಳಿಗೆ 250 ಕೋಟಿ ವರ್ಷ ದಾಟಿದೆ. ಅವು ಹುಟ್ಟಿದಾಗ ನೆಲದ ಮೇಲೆ ಒಂದು ಗರಿಕೆಯೂ ಇರಲಿಲ್ಲ, ಕಾಡೆಲ್ಲಿಂದ ಬರಬೇಕು? ಈ ಕೊರತೆಯ ಕಾರಣಕ್ಕೇ 1923ರಲ್ಲಿ ಭದ್ರಾವತಿಯ ಕುಲುಮೆಯನ್ನು ಮರದ ಇದ್ದಿಲಿನಿಂದ ಹೊತ್ತಿಸಿದ್ದು. ಮಲೆನಾಡಿನ ಕಾಡು ಕಡಿದು ಸುಟ್ಟು ಕಬ್ಬಿಣ ಕರಗಿಸಿದರು. ಇವತ್ತಿಗೂ ರಾಯಚೂರಿನ ವಿದ್ಯುತ್ ಕೇಂದ್ರಕ್ಕೆ ಕಲ್ಲಿದ್ದಲು ಬರುವುದು ಹೊರರಾಜ್ಯದಿಂದ, ರೈಲಿನಲ್ಲಿ.

ಇನ್ನೊಂದು ಮಾತು. ನಿಮ್ಮ ತಾತ ಬಂಗಾಳ, ಬಿಹಾರದ ಕಡೆ ಹೋಗಿ ನಿಜಕ್ಕೂ ಕಲ್ಲಿದ್ದಲು ಗಣಿಯನ್ನೇ ಮಾಡಿದ್ದರೂ ಅದು ಮನೆಯವರಿಗೆ ಉಳಿಯುತ್ತಿರಲಿಲ್ಲ. ಕೋಕ್ (ಉಕ್ಕಿನ ಕುಲುಮೆಯ ಇಂಧನ) ಮಾಡಲು ಬರುವ ಕಲ್ಲಿದ್ದಲಿನ ಗಣಿಗಳು 1972ರ ಮೇ 1ಕ್ಕೆ, ಉಳಿದವು 1973ರ ಮೇ 1ಕ್ಕೆ ಸರ್ಕಾರದ ಪಾಲಾದವು. ಮನೆತನದವರ ಕೈಯಲ್ಲಿ ಕಲ್ಲಿದ್ದಲು ಉಳಿದದ್ದು ಮೇಘಾಲಯದ ಬೆಟ್ಟಗಳಲ್ಲಿ. ಅಲ್ಲಿ ನೆಲ ಕುಲದ್ದು, ಮನೆತನದ್ದು. ಇಲಿಬಿಲದಂಥ ಸುರಂಗ ಕೊರೆದು, ತೆವಳಿಕೊಂಡು ಹೋಗಿ ತೆಗೆಯುತ್ತಿದ್ದರು. 2014ರಲ್ಲಿ ಹಸಿರು ನ್ಯಾಯಮಂಡಳಿ ಅದನ್ನು ನಿಷೇಧಿಸಿತು. ಆದರೂ 2018ರ ಡಿಸೆಂಬರಿನಲ್ಲಿ ಅಂಥದೇ ಒಂದು ಗಣಿಗೆ ನೀರು ನುಗ್ಗಿ 15 ಜನ ಒಳಗೇ ಸಿಕ್ಕಿಕೊಂಡರು. ಆ ಸುದ್ದಿ ಬಂದ ದಿನ ನಮ್ಮ ಮನೆಯಲ್ಲಿ ಅಪ್ಪ ಊಟ ಮಾಡಲಿಲ್ಲ. ಯಾಕೆಂದು ಮುಂದೆ ಹೇಳುತ್ತೇನೆ.

ನಿಮ್ಮ ಅಸಲು ಪ್ರಶ್ನೆ ಒಡೆತನದ್ದು. 'ನಮ್ಮ ಗಣಿ' ಎಂದು ನಾನೂ ಚಿಕ್ಕಂದಿನಿಂದ ಹೇಳುತ್ತಾ ಬೆಳೆದವನು. ಸ್ಕೂಲಿನಲ್ಲಿ ಜಂಬವೂ ಇತ್ತು. ಆ ಗಣಿಗೆ ಎರಡು ಕಾಗದ, ಎರಡೂ ಬೇರೆ ಬೇರೆ ಎಂದು ಗೊತ್ತಾದದ್ದು ದೊಡ್ಡವನಾದ ಮೇಲೆ. ಒಂದು ಪಹಣಿ: ಮೇಲಿನ ನೆಲ ಯಾರದ್ದು ಎಂದು ಹೇಳುವುದು. ಇನ್ನೊಂದು ಲೀಸ್ ಡೀಡು: ಕೆಳಗಿನ ಅದಿರನ್ನು ಎಷ್ಟು ವರ್ಷ, ಯಾವ ಎಲ್ಲೆಯೊಳಗೆ ತೆಗೆಯಬಹುದು ಎಂದು ಸರ್ಕಾರ ಬರೆದುಕೊಟ್ಟದ್ದು. ನೆಲ ನಿಮ್ಮದೇ ಇರಲಿ, 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 70ನೇ ಕಲಮಿನ ಪ್ರಕಾರ, ಸರ್ಕಾರ ನೆಲ ಕೊಟ್ಟ ಪತ್ರದಲ್ಲಿ ಅಥವಾ ಕಾನೂನಿನಲ್ಲಿ ಬೇರೆ ಹೇಳಿರದಿದ್ದರೆ, ಕೆಳಗಿನ ಖನಿಜ ರಾಜ್ಯ ಸರ್ಕಾರದ್ದು. ನಿಮ್ಮ ಹೊಲದಲ್ಲಿ ಬೇರೆಯವರಿಗೆ ಲೀಸ್ ಕೊಟ್ಟರೆ ನಿಮಗೆ ಬರುವುದು ನೆಲ ಬಳಸಿದ್ದಕ್ಕೆ, ಹಾಳಾದುದಕ್ಕೆ ಪರಿಹಾರ, ಅದಿರಿನ ಬೆಲೆಯಲ್ಲ.

ನಮ್ಮದು 20 ಎಕರೆ. ಆರು ಎಕರೆ ಅಜ್ಜನ ಪಟ್ಟಾ, ಉಳಿದದ್ದು ಸರ್ಕಾರಿ ನೆಲ. ಅಜ್ಜ ಒಮ್ಮೆಲೇ ಲೀಸುದಾರರಾದವರಲ್ಲ. 1949ರ ಹೊತ್ತಿಗೆ ಸೋವಿಯತ್ ರಷ್ಯಾ ಅಮೆರಿಕಕ್ಕೆ ಕೊಡುತ್ತಿದ್ದ ಮ್ಯಾಂಗನೀಸನ್ನು ಬಿಗಿಹಿಡಿಯಿತು. ಉಕ್ಕು ಮಾಡುವವರಿಗೆ ಮ್ಯಾಂಗನೀಸ್ ಇಲ್ಲದೆ ನಡೆಯದು, ಹಾಗಾಗಿ ಇಂಡಿಯಾದ ಅದಿರಿಗೆ ಎಲ್ಲಿಲ್ಲದ ಬೆಲೆ ಬಂತು. ಕೊರಿಯಾ ಯುದ್ಧ ಅದನ್ನು ಇನ್ನಷ್ಟು ಏರಿಸಿತು. ಆ ಭರಾಟೆಯಲ್ಲಿ, 1953ರಲ್ಲಿ, ಬಳ್ಳಾರಿ ಕಡೆಯ ಒಬ್ಬರ ಲೀಸಿನಲ್ಲಿ ಅಜ್ಜ ರೈಸಿಂಗ್ ಕಾಂಟ್ರಾಕ್ಟ್ ಹಿಡಿದರು. ಅಂದರೆ ಲೀಸು ಅವರ ಹೆಸರಲ್ಲಿ. ಆಳು ತರುವುದು, ಗುಂಡಿ ತೋಡುವುದು, ಅದಿರು ಆರಿಸಿ ಗುಡ್ಡೆ ಹಾಕುವುದು ಅಜ್ಜನದು, ಟನ್ನಿಗೆ ಇಷ್ಟು ಎಂದು ಲೆಕ್ಕ. ಅದಿರು ಎತ್ತಿನ ಗಾಡಿಯಲ್ಲಿ ಚಿಕ್ಕಜಾಜೂರಿಗೆ, ಅಲ್ಲಿಂದ ಮೀಟರ್ ಗೇಜಿನ ವ್ಯಾಗನ್ನಿನಲ್ಲಿ ಹುಬ್ಬಳ್ಳಿ, ಲೋಂಡಾ ದಾಟಿ ಗೋವಾದ ಮುರ್ಮಗೋವಾ ಬಂದರಿಗೆ. 1955ರಲ್ಲಿ ಪೋರ್ಚುಗೀಸರ ಮೇಲಿನ ದಿಗ್ಬಂಧನದಿಂದ ಆ ರೈಲು ದಾರಿ ಮುಚ್ಚಿತು. ಬೆಲೆಯೂ ಇಳಿಯುತ್ತಿತ್ತು. ದೊಡ್ಡವರು ಬೇರೆ ಬಂದರು ಹುಡುಕಿಕೊಂಡರು. ಸಣ್ಣವರ ಅದಿರು ಸ್ಟೇಷನ್ ಪಕ್ಕದಲ್ಲೇ ಗುಡ್ಡೆಯಾಗಿ ಬಿದ್ದಿತು. ಲೀಸುದಾರರು ಕೈತೊಳೆದುಕೊಂಡರು, ಆಳುಗಳ ಬಟವಾಡೆ ಮಾತ್ರ ಅಜ್ಜನ ತಲೆಗೇ ಬಂತು. ಅಜ್ಜಿಯ ಕೊರಳಿನ ಅಡ್ಡಿಕೆ ಹೋದದ್ದು ಆಗಲೇ.

1959ರಲ್ಲಿ ಅಜ್ಜ ತಮ್ಮ ಹೆಸರಿಗೇ ಲೀಸ್ ತೆಗೆದುಕೊಂಡರು, ಮ್ಯಾಂಗನೀಸ್ ಮತ್ತು ಕಬ್ಬಿಣ ಎರಡಕ್ಕೂ, 20 ವರ್ಷಕ್ಕೆ. ಇನ್ನೊಬ್ಬರ ಕಾಗದದ ಕೆಳಗೆ ದುಡಿಯುವುದಿಲ್ಲ ಎನ್ನುವುದೊಂದೇ ಅವರ ಹಟ.

ಕೆಲಸ ಹೇಗಿತ್ತು ಎಂದು ಸ್ವಲ್ಪ ಹೇಳಬೇಕು, ಅದನ್ನು ಬರೆದಿಟ್ಟವರು ಕಡಿಮೆ. ನಮ್ಮ ಕಡೆ ಮ್ಯಾಂಗನೀಸ್ ಒಂದೇ ಹಾಸಾಗಿ ಸಿಗುವುದಿಲ್ಲ. ಕೆಂಪು ಮಣ್ಣು, ಜೇಡಿಯ ನಡುವೆ ಅಲ್ಲಲ್ಲಿ ಗಂಟು ಗಂಟಾಗಿ, ಜೇಬಿನಲ್ಲಿ ಬೆಲ್ಲ ಇಟ್ಟ ಹಾಗೆ. ಒಂದು ಗಂಟು ಮುಗಿದರೆ ಮುಂದಿನದು ಎಲ್ಲಿದೆ ಎಂದು ಮಣ್ಣಿನ ಬಣ್ಣ ನೋಡಿ ಹೇಳಬೇಕು. ಅದನ್ನು ಹೇಳಬಲ್ಲವರು ಅಜ್ಜನಲ್ಲ, ಮೇಟ್ (ಆಳುಗಳ ಮೇಸ್ತ್ರಿ) ಆಗಿದ್ದ ಒಬ್ಬ ಭೋವಿ ಹಿರಿಯರು. ಅವರು ಹಾರೆಯಿಂದ ಕುಟ್ಟಿ ಸದ್ದು ಕೇಳಿ, 'ಸಾವ್ಕಾರ್ರೇ, ಇಲ್ಲಿ ಬೇಡ, ಆ ಕಡೆ ಎರಡು ಮಾರು ಹೋಗಾಣ' ಎನ್ನುತ್ತಿದ್ದರಂತೆ. ಹಾಗೆ ಹೇಳಿದಲ್ಲಿ ತೋಡಿದ ಗುಂಡಿ ಬರಿದಾದದ್ದು ಕಡಿಮೆ. ಇಲಾಖೆಯ ಕಾಗದದಲ್ಲಿ ಅವರು ಎಲ್ಲೂ ಇಲ್ಲ. ಗಣಿಯ ನಿಜವಾದ ಬಂಡವಾಳ ಅವರೇ ಆಗಿದ್ದರು ಎನ್ನುವುದು ನನ್ನ ನಂಬಿಕೆ.

ಗಂಡಸರು ಹಾರೆ, ಪಿಕಾಸಿಯಲ್ಲಿ ಕೀಳುವುದು. ಗಟ್ಟಿ ಸಿಕ್ಕರೆ ಉಳಿಯಿಂದ ತೂತು ಹೊಡೆದು ಮದ್ದು ಇಡುವುದು. ಹೆಂಗಸರು ಬುಟ್ಟಿಯಲ್ಲಿ ಹೊತ್ತು ಮೇಲೆ ತಂದು, ಬೇವಿನ ಮರದ ಕೆಳಗೆ ಕೂತು ಸಣ್ಣ ಸುತ್ತಿಗೆಯಿಂದ ಒಡೆದು ಆರಿಸುವುದು. ಕರಿ ಹೊಳಪಿನದು ಒಂದು ಕಡೆ, ಕೆಂಪು ಬೆರೆತದ್ದು ಇನ್ನೊಂದು ಕಡೆ, ಬರೀ ಮಣ್ಣು ಡಂಪಿಗೆ. ನೂರಕ್ಕೆ 48 ಭಾಗ ಮ್ಯಾಂಗನೀಸ್ ಇದ್ದರೆ ರಫ್ತಿನ ಬೆಲೆ. ನಮ್ಮಲ್ಲಿ ಅಷ್ಟು ಒಳ್ಳೆಯದು ಬರುತ್ತಿದ್ದದ್ದು ಆ ಹೆಂಗಸರ ಕಣ್ಣಿನಿಂದಲೇ. ಲ್ಯಾಬಿನ ವರದಿ ಬರುವ ಮೊದಲೇ 'ಈ ಗುಡ್ಡೆ ಪಾಸಾಗಲ್ಲ' ಎಂದು ಹೇಳಿಬಿಡುತ್ತಿದ್ದರು. ತಳವಿಲ್ಲದ ಮರದ ಪೆಟ್ಟಿಗೆಯಲ್ಲಿ ಅಳೆದು, ಪೆಟ್ಟಿಗೆಗೆ ಇಷ್ಟು ಎಂದು ಶನಿವಾರ ಬಟವಾಡೆ. ಮಳೆ ಚೆನ್ನಾಗಿ ಆದ ವರ್ಷ ಆಳೇ ಸಿಗುತ್ತಿರಲಿಲ್ಲ, ಎಲ್ಲರೂ ರಾಗಿ, ಜೋಳದ ಹೊಲಕ್ಕೆ. 1972ರ ಬರದಲ್ಲಿ ಹೊಲ ಇದ್ದವರೂ ಬುಟ್ಟಿ ಹಿಡಿದು ಬಂದು ನಿಂತರು. ಆ ವರ್ಷ ಮಾರಾಟ ಇರಲಿಲ್ಲ. ಆದರೂ ಅಜ್ಜ ಗಣಿ ನಿಲ್ಲಿಸಲಿಲ್ಲ, ಅದಿರು ಗುಡ್ಡೆ ಹಾಕಿಸುತ್ತಲೇ ಹೋದರು. ಆ ಸಾಲ ಮುಟ್ಟಿಸಿದ್ದು ಎಂಟು ವರ್ಷಕ್ಕೆ.

ಅಪ್ಪ ಊಟ ಬಿಟ್ಟ ಕಾರಣ ಇದು. 1968ರ ಆಶ್ಲೇಷಾ ಮಳೆ. ಮೂರು ದಿನ ಜಿಟಿಜಿಟಿ ಹಿಡಿದು ನಾಲ್ಕನೇ ದಿನ ಬಿಸಿಲು ಬಂತೆಂದು ಕೆಲಸ ಶುರು ಮಾಡಿದರು. ಮಣ್ಣಿನ ಗೋಡೆ ಒಂದಾಳೆತ್ತರಕ್ಕೂ ಮೇಲಿತ್ತು. 1961ರ ಗಣಿ ನಿಯಮದಲ್ಲಿ ಸ್ಪಷ್ಟವಾಗಿದೆ: ಮೆದು ಮಣ್ಣನ್ನು ಇಳಿಜಾರಾಗಿ ಬಿಡಬೇಕು, ಇಲ್ಲವೇ ಮೆಟ್ಟಿಲು ಮಾಡಬೇಕು. ಒಂದು ಮೆಟ್ಟಿಲು ಒಂದೂವರೆ ಮೀಟರಿಗಿಂತ ಎತ್ತರ ಇರಬಾರದು, ಅಗಲ ಎತ್ತರಕ್ಕಿಂತ ಕಡಿಮೆ ಇರಬಾರದು. ಮೆಟ್ಟಿಲು ಮಾಡುವುದೆಂದರೆ ಅದಿರಿಲ್ಲದ ಮಣ್ಣನ್ನು ಅಗೆಯಲು ಕೂಲಿ ಕೊಡುವುದು. ಸಣ್ಣ ಗಣಿಗಳು ಉಳಿಸುತ್ತಿದ್ದದ್ದು ಅಲ್ಲೇ, ನಮ್ಮದೂ ಸೇರಿ. ಗೋಡೆ ಕುಸಿದು ಇಪ್ಪತ್ತೆರಡು ವರ್ಷದ ಹುಡುಗ ಹೋದ. ಅಪ್ಪನಿಗೆ ಆಗ ಹದಿನಾಲ್ಕು, ಬರಿಗೈಯಲ್ಲಿ ಮಣ್ಣು ಬಗೆದವರಲ್ಲಿ ಅವರೂ ಒಬ್ಬರು. ಅಜ್ಜಿ ತಾನಿರುವ ತನಕ ಪ್ರತಿ ಸುಗ್ಗಿಯಲ್ಲೂ ಆ ಮನೆಗೆ ರಾಗಿ ಕಳಿಸುತ್ತಿದ್ದರು. ಅದರಿಂದ ತಪ್ಪು ಸರಿಹೋಗಲಿಲ್ಲ, ಹೋಗುವುದೂ ಇಲ್ಲ. ಸಣ್ಣ ಗಣಿ, ಮನೆಯ ಗಣಿ ಎಂದರೆ ಪ್ರೀತಿಯಿಂದ ನಡೆದದ್ದು ಎಂದು ಹಾಡಿಹೊಗಳುವವರಿಗೆ ನಾನು ಇದನ್ನೂ ಹೇಳುತ್ತೇನೆ. ಆಮೇಲೆ ಅಜ್ಜ ಮೆಟ್ಟಿಲು ಮಾಡಿಸಿದರು, ಕೊನೇತನಕ.

1979ರಲ್ಲಿ ಲೀಸ್ ನವೀಕರಣವಾಯಿತು. 1981ರಲ್ಲಿ ಅಜ್ಜ ತೀರಿಕೊಂಡರು. ನಿಮ್ಮ ಪ್ರಶ್ನೆಗೆ ಇಲ್ಲಿಂದ ಮುಂದಿನದು ಮುಖ್ಯ. ಹೊಲವನ್ನು ಮೂರು ಮಕ್ಕಳು ಪಾಲು ಮಾಡಿಕೊಂಡರು, ಪಹಣಿಯಲ್ಲಿ ಮೂವರ ಹೆಸರೂ ಏರಿತು. ಲೀಸನ್ನು ಹೊಲದ ಹಾಗೆ ಪಾಲು ಮಾಡಲಾಗುವುದಿಲ್ಲ. ವಾರಸಾ ಮಾಡಿಸುವಾಗ 'ಒಬ್ಬರ ಹೆಸರಲ್ಲಿರಲಿ, ಓಡಾಟ ಸಲೀಸು' ಎಂದು ದೊಡ್ಡಪ್ಪನ ಹೆಸರಿಗೆ ಮಾಡಿದರು. ಉಳಿದಿಬ್ಬರ ಪಾಲು ಬಾಯಿಮಾತಿನಲ್ಲಿ ಉಳಿಯಿತು. ಯಾರಿಗೂ ಮೋಸದ ಯೋಚನೆ ಇರಲಿಲ್ಲ. ಇಪ್ಪತ್ತು ವರ್ಷ ಆ ಬಾಯಿಮಾತು ನಡೆಯಿತು ಕೂಡ, ಯಾಕೆಂದರೆ ಹಂಚಿಕೊಳ್ಳುವಂಥ ದುಡ್ಡೇ ಇರಲಿಲ್ಲ. ವರ್ಷಕ್ಕೆ ಒಂದಷ್ಟು ಲೋಡ್ ದಾಂಡೇಲಿ ಕಡೆಯ ಕುಲುಮೆಗೆ ಹೋಗುತ್ತಿತ್ತು. ಡೆಡ್ ರೆಂಟ್ (ಲೀಸಿಗೆ ಸರ್ಕಾರಕ್ಕೆ ಕಟ್ಟುವ ಹಣ) ಕಟ್ಟಿ, ಕೂಲಿ ಕೊಟ್ಟರೆ ದೀಪಾವಳಿಗೆ ಬಟ್ಟೆ ಬರುತ್ತಿತ್ತು, ಅಷ್ಟೆ. 1999ರಲ್ಲಿ ಮತ್ತೆ 20 ವರ್ಷಕ್ಕೆ ನವೀಕರಣವಾಯಿತು.

2003, 2004ರ ಹೊತ್ತಿಗೆ ಚೀನಾದ ಬೇಡಿಕೆ ಬಂತು. ಐವತ್ತು ವರ್ಷ ನಾವು ಕಸವೆಂದು ಎಸೆದಿದ್ದ ಕೆಂಪು ಡಂಪು, ಕಬ್ಬಿಣದ ಪುಡಿ, ಅದಕ್ಕೇ ಬೆಲೆ. ಅಜ್ಜಿ ಬೆರಣಿ ಒಣಗಿಸುತ್ತಿದ್ದ ದಿಬ್ಬವನ್ನು ನೋಡಲು ಕಾರಿನಲ್ಲಿ ಜನ ಬಂದರು. ಆಗ ಕಬ್ಬಿಣದ ಅದಿರಿಗೆ ಸರ್ಕಾರಕ್ಕೆ ಕಟ್ಟುವ ರಾಯಲ್ಟಿ ಟನ್ನಿಗೆ 30 ರೂಪಾಯಿಯೂ ಮುಟ್ಟುತ್ತಿರಲಿಲ್ಲ. ಬಂದರಿನಲ್ಲಿ ಅದೇ ಟನ್ನು ಸಾವಿರಾರು ರೂಪಾಯಿಗೆ ಹೋಗುತ್ತಿತ್ತು. (ಬೆಲೆಯ ಮೇಲೆ ನೂರಕ್ಕೆ 10 ಎಂದು ಬದಲಾದದ್ದು 2009ರಲ್ಲಿ, 15 ಆದದ್ದು 2014ರಲ್ಲಿ.) ದೊಡ್ಡಪ್ಪ ಹೊರಗಿನ ಒಬ್ಬರಿಗೆ ರೈಸಿಂಗ್ ಕಾಂಟ್ರಾಕ್ಟ್ ಬರೆದುಕೊಟ್ಟರು. ಅಜ್ಜ ಯಾವ ಕಾಗದದ ಕೆಳಗೆ ಒದ್ದಾಡಿದ್ದರೋ ಅದೇ ಕಾಗದ, ಈ ಸಲ ನಾವು ಮೇಲೆ. ಸರ್ಕಾರದ ಒಪ್ಪಿಗೆ ಇಲ್ಲದೆ ಗಣಿಯ ಹಿಡಿತವನ್ನು ಹೀಗೆ ಬಿಟ್ಟುಕೊಡುವುದು ಆಗ ಜಾರಿಯಲ್ಲಿದ್ದ 1960ರ ಖನಿಜ ರಿಯಾಯಿತಿ ನಿಯಮಗಳ 37ನೆಯದರ ಪ್ರಕಾರ ತಪ್ಪಾಗಿತ್ತು. ಅಪ್ಪ ಬೇಡವೆಂದರು. 'ಲೀಸ್ ನನ್ನ ಹೆಸರಲ್ಲಿದೆ ಕಣೋ' ಎಂದು ದೊಡ್ಡಪ್ಪ ಹೇಳಿದ ದಿನವೇ ನಮ್ಮ ಮನೆಯಲ್ಲಿ ಬಾಯಿಮಾತು ಮುಗಿದದ್ದು. ಅಣ್ಣತಮ್ಮಂದಿರು ಮತ್ತೆ ಒಂದೇ ಪಂಕ್ತಿಯಲ್ಲಿ ಕೂತದ್ದು ದೊಡ್ಡಪ್ಪನ ತಿಥಿಯಲ್ಲಿ.

ಜೆಸಿಬಿ ಬಂತು, ರಾತ್ರಿ ಹಗಲು ಲಾರಿ. ಭೀಮಸಮುದ್ರದ ಕಡೆ ಅಡಿಕೆ ತೋಟ ಇರುವವರನ್ನು ಕೇಳಿ ನೋಡಿ, ಎಲೆಯ ಮೇಲೆ ಕೂತ ಕೆಂಪು ಧೂಳು ಎಂಥದ್ದೆಂದು ಹೇಳುತ್ತಾರೆ. ಬೇವಿನ ಮರ ಹೋಯಿತು. ಎಲ್ಲೆ ಕಲ್ಲೂ ಹೋಯಿತು.

2011ರ ಆಗಸ್ಟ್ 26ರಂದು ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ಮೇಲಿನ ನಿಷೇಧವನ್ನು ಚಿತ್ರದುರ್ಗ, ತುಮಕೂರಿಗೂ ವಿಸ್ತರಿಸಿತು. ಲೀಸುಗಳನ್ನೆಲ್ಲ ಹೊಸದಾಗಿ ಅಳೆದು, ತಪ್ಪಿನ ಪ್ರಮಾಣ ನೋಡಿ ಎ, ಬಿ, ಸಿ ಎಂದು ವಿಂಗಡಿಸಿದರು. ಎಲ್ಲೆಯಾಚೆ ತೋಡಿದ ಗುಂಡಿ ಲೀಸಿನ ವಿಸ್ತೀರ್ಣದ ನೂರಕ್ಕೆ 10 ದಾಟಿದರೆ, ಅಥವಾ ಆಚೆ ಹಾಕಿದ ಡಂಪು ನೂರಕ್ಕೆ 15 ದಾಟಿದರೆ ಸಿ. ಲೆಕ್ಕ ಹಾಕಿ ನೋಡಿ. 200 ಎಕರೆಯವರು ಆಚೆ 20 ಎಕರೆ ಅಗೆದರೂ ಬಿ ದರ್ಜೆಯಲ್ಲಿ ಉಳಿದರು, ದಂಡ ಕಟ್ಟಿ ಮತ್ತೆ ಕೆಲಸ ಶುರು ಮಾಡುವ ಅವಕಾಶ ಅವರಿಗಿತ್ತು. 20 ಎಕರೆಯ ನಮಗೆ ಎರಡು ಎಕರೆ ದಾಟಿದರೆ ಮುಗಿಯಿತು. ಆಚೆ ಅಗೆದದ್ದು ತಪ್ಪೇ, ಅದನ್ನು ನಾನು ಮುಚ್ಚಿಡುವುದಿಲ್ಲ. ಅಗೆದವರು ಕಾಂಟ್ರಾಕ್ಟಿನವರು, ಜವಾಬ್ದಾರಿ ಲೀಸುದಾರನದು. ಆದರೆ ಶೇಕಡಾವಾರು ಅಳತೆ ಸಣ್ಣವರಿಗೆ ಬಿಗಿ, ದೊಡ್ಡವರಿಗೆ ಸಡಿಲ ಎನ್ನುವುದನ್ನು ಯಾರೂ ಗಟ್ಟಿಯಾಗಿ ಹೇಳಲಿಲ್ಲ ಎಂಬ ನೋವು ನನಗೆ ಇವತ್ತಿಗೂ ಇದೆ. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಸಿ ದರ್ಜೆಯ ಲೀಸುಗಳೆಲ್ಲ ರದ್ದಾದವು, ನಮ್ಮದೂ ಹೋಯಿತು. ಅಂಥವು ಆಮೇಲೆ ಹರಾಜಿಗೆ ಬಂದವು. ಪಹಣಿಯ ಆರು ಎಕರೆ ಇನ್ನೂ ನಮ್ಮ ಹೆಸರಲ್ಲೇ ಇದೆ. ಅದರಲ್ಲಿ ನಾಲ್ಕು ಎಕರೆ ಗುಂಡಿ, ನೀರು ನಿಂತಿದೆ. ಸುತ್ತ ಬೇಲಿ ಹಾಕಿಸಿದ್ದೇವೆ.

ಈಗ ನಿಮ್ಮ ರಸೀದಿಗಳು. 'ಡೆಡ್ ರೆಂಟ್' ಎಂದಿದ್ದರೆ ತಾತ ಲೀಸುದಾರರು, ಅದಿರು ತೆಗೆಯದಿದ್ದರೂ ಕಟ್ಟಬೇಕಾದ ಹಣ ಅದು. ರಾಯಲ್ಟಿ ರಸೀದಿ ಇದ್ದರೆ ಅದಿರು ಹೊರಹೋಗಿದೆ ಎಂದರ್ಥ. ಎರಡೂ ಇಲ್ಲದೆ ಬರೀ ಟನ್ನಿನ ಲೆಕ್ಕ, ಬಟವಾಡೆಯ ಚೀಟಿಗಳಿದ್ದರೆ ಅವರು ರೈಸಿಂಗ್ ಕಾಂಟ್ರಾಕ್ಟರೋ ಮೇಟೋ ಆಗಿದ್ದಿರಬಹುದು. ಅದರಿಂದ ಅವರ ಗೌರವಕ್ಕೆ ಕುಂದಿಲ್ಲ. ಖಚಿತ ಮಾಡಿಕೊಳ್ಳಲು ಚಿತ್ರದುರ್ಗದ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಕಚೇರಿಗೆ ಊರು, ಸರ್ವೆ ನಂಬರ್ ಬರೆದು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಸರ್ವೆ ನಂಬರ್ ಗೊತ್ತಿಲ್ಲದಿದ್ದರೆ ಮೊದಲು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಕೈಬರಹದ ಹಳೇ ಪಹಣಿ ತೆಗೆಸಿ, ಗುಂಡಿ ಬಿದ್ದ ನೆಲ ಅಲ್ಲಿ ಖರಾಬು ಎಂದು ನಮೂದಾಗಿರುವ ಸಾಧ್ಯತೆ ಹೆಚ್ಚು. ತಾತನ ಹೆಸರಲ್ಲಿ ನೆಲ ಉಳಿದಿದ್ದರೆ ಅದರ ಹಕ್ಕು ನಿಮ್ಮದು, ಬಿಡಬೇಡಿ. ಲೀಸಿನ ಅವಧಿ ಮುಗಿದಿದ್ದರೆ ಅದಿರಿನ ಆಸೆ ಬಿಡಿ. ಗಣಿ ಕಾಯಿದೆಯ 2015ರ ತಿದ್ದುಪಡಿಯ ನಂತರ ಖಾಸಗಿಯವರಿಗೆ ಇಂಥ ಅದಿರಿನ ಹೊಸ ಲೀಸು ಹರಾಜಿನಲ್ಲಿ ಮಾತ್ರ, ವಾರಸುದಾರರೆಂದು ಯಾರಿಗೂ ಮರಳಿ ಕೊಡುವುದಿಲ್ಲ. 'ಹಳೇ ಲೀಸ್ ಜೀವ ಮಾಡಿಸಿಕೊಡ್ತೀವಿ' ಎಂದು ದುಡ್ಡು ಕೇಳುವವರು ಬರಬಹುದು, ಕೊಡಬೇಡಿ.

ಅಜ್ಜನ ಹಾಜರಿ ಪುಸ್ತಕಗಳು ನನ್ನ ಹತ್ತಿರ ಇವೆ, 1953ರಿಂದ 1980ರವರೆಗೆ, ನಡುವೆ ಎರಡು ವರ್ಷದ್ದು ಗೆದ್ದಲು ತಿಂದಿದೆ. ಆಳುಗಳು, ಗಾಡಿಯವರು, ಅಕ್ಕಪಕ್ಕದ ಗಣಿಯ ಕಾಂಟ್ರಾಕ್ಟರುಗಳು, ಎಲ್ಲರ ಹೆಸರೂ ಊರಿನ ಸಮೇತ ಅಜ್ಜನ ಕೈಬರಹದಲ್ಲಿದೆ. ನಿಮ್ಮ ತಾತನ ಊರು ಯಾವುದು, ಯಾವ ವರ್ಷಗಳ ರಸೀದಿ ಎಂದು ಇಲ್ಲಿ ತಿಳಿಸಿ. ಭಾನುವಾರ ಕೂತು ಹುಡುಕಿ ನೋಡುತ್ತೇನೆ.